ಕೂರಲೂಬಾರದು, ಕುಣಿಯಲೂಬಾರದು

ಕಾಲು ಉಳುಕಿದವನಿಗೆ ನಮ್ಮಲ್ಲಿ ವೈದ್ಯರ ಕೊರತೆಯಿಲ್ಲ. ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ಈ ಮಾತಿನ ಸತ್ಯ ನನಗೆ ಚೆನ್ನಾಗಿ ಮನವರಿಕೆಯಾಯಿತು. ಅಂತರಕಾಲೇಜು ಕಬಡ್ಡಿ ಪಂದ್ಯಗಳಿಗೆ ನಾಲ್ಕೇ ದಿನ ಉಳಿದಿತ್ತು. ಸಂಜೆಯ ಅಭ್ಯಾಸದಲ್ಲಿ ಎದುರು ಅಂಕಣಕ್ಕೆ ನುಗ್ಗಿದವನು ಬೋನಸ್ ಗೆರೆ ದಾಟಿ ಹಿಂದಕ್ಕೆ ತಿರುಗಿದೆ. ದೇಹ ತಿರುಗಿತು, ಪಾದ ತಿರುಗಲಿಲ್ಲ. ಎಡಮಂಡಿಯೊಳಗೆ ‘ಟಕ್’ ಎಂದು ಸದ್ದಾಯಿತು. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ಆ ರಾತ್ರಿಯೇ ಚಿಕಿತ್ಸೆಗಳ ಮಹಾಪೂರ. ಅಜ್ಜಿ ಹರಳೆಣ್ಣೆ ಬಿಸಿ ಮಾಡಿದರು. ಕೆಳಗಿನ ಮನೆಯವರು ಪುತ್ತೂರು ಕಟ್ಟು ಹಾಕಿಸಬೇಕೆಂದರು. ಊರಿನಿಂದ ಬಂದಿದ್ದ ದೊಡ್ಡಪ್ಪ, “ಮೂರು ತಿಂಗಳು ನೆಲಕ್ಕೆ ಕಾಲಿಡಬೇಡ, ತಾನಾಗೇ ಕೂಡಿಕೊಳ್ಳುತ್ತೆ” ಎಂದು ತೀರ್ಪಿತ್ತರು. ಮರುದಿನ ನೋಡಲು ಬಂದ ತಂಡದ ಗೆಳೆಯರದು ಇನ್ನೊಂದೇ ಶಾಸ್ತ್ರ. “ಒಂದು ನೀ ಕ್ಯಾಪ್ ಹಾಕ್ಕೋ, ಒಂದು ಮಾತ್ರೆ ನುಂಗು, ಬಾ. ಕುಂಬ್ಳೆ ದವಡೆ ಮುರಿದುಕೊಂಡೂ ಬೌಲಿಂಗ್ ಮಾಡಲಿಲ್ಲವೇನೋ?”

ಈ ಕೊನೆಯ ಮಾತಿಗೆ ಉತ್ತರ ಹೇಳುವ ಶಕ್ತಿ ಆ ದಿನ ನನಗಿರಲಿಲ್ಲ. ನಾಲ್ಕನೆಯ ದಿನ ಮಂಡಿಗೆ ಪಟ್ಟಿ ಸುತ್ತಿಕೊಂಡು ಅಂಕಣಕ್ಕಿಳಿದೆ. ಎರಡನೆಯ ದಾಳಿಯಲ್ಲಿ, ಯಾರೂ ಮುಟ್ಟದೆಯೇ, ಮಂಡಿ ಕುಸಿದು ಬಿದ್ದೆ. ನಾಲ್ವರು ಹೊತ್ತುಕೊಂಡು ಹೊರಬಂದಾಗ ಜೋರಾಗಿ ಚಪ್ಪಾಳೆ ಬಿತ್ತು. ನಾಚಿಕೆಯ ಸಂಗತಿಯೆಂದರೆ, ಆ ಚಪ್ಪಾಳೆ ನನಗೆ ಹಿತವಾಗಿಯೇ ಇತ್ತು.

ಇದಾದ ಮೇಲೆ ಹೆದರಿ, ದೊಡ್ಡಪ್ಪನವರ ಶಾಸ್ತ್ರಕ್ಕೆ ಶರಣಾದೆ. ಆರು ವಾರ ಮಂಚ ಬಿಟ್ಟಿಳಿಯಲಿಲ್ಲ. ಊತವೇನೋ ಇಳಿಯಿತು, ಜೊತೆಗೆ ತೊಡೆಯೂ ಇಳಿಯಿತು. ಎದ್ದು ನಿಂತಾಗ ಎಡಗಾಲು ಬೇರೆ ಯಾರದೋ ಕಾಲಿನಂತೆ ನಡುಗುತ್ತಿತ್ತು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ಮಾಂಸಖಂಡಕ್ಕೂ ಸಲ್ಲುತ್ತದೆ.

ಹೀಗೆ ಎರಡು ತಪ್ಪುಗಳನ್ನೂ ಒಂದರ ಹಿಂದೊಂದರಂತೆ ಮಾಡಿ ನೋಡಿದವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಅಧಿಕಾರವುಂಟೆಂದು ಭಾವಿಸಿದ್ದೇನೆ. ಪೆಟ್ಟಾದ ಕೀಲಿಗೆ ಬೇಕಾದುದು ಶೌರ್ಯವೂ ಅಲ್ಲ, ಸುಮ್ಮನೆ ಬಿದ್ದುಕೊಂಡಿರುವ ವಿಶ್ರಾಂತಿಯೂ ಅಲ್ಲ, ಅಳತೆಯರಿತ ದುಡಿಮೆ. ಆದರೆ ನಮ್ಮ ಮೈದಾನಗಳು ಮೊದಲನೆಯದನ್ನು ಹೊಗಳುತ್ತವೆ, ಮನೆಗಳು ಎರಡನೆಯದನ್ನು ವಿಧಿಸುತ್ತವೆ; ಮೂರನೆಯದನ್ನು ಕಲಿಸುವವರೇ ಇಲ್ಲ.

ಮೊದಲು ಕುಂಬ್ಳೆಯವರ ಮಾತು. ಅನಿಲ್ ಕುಂಬ್ಳೆ ಇಂಜಿನಿಯರಿಂಗ್ ಓದಿದ ಮೈಸೂರು ರಸ್ತೆಯ ಆರ್. ವಿ. ಕಾಲೇಜು ನಮ್ಮ ಬಡಾವಣೆಗೆ ದೂರವೇನೂ ಇಲ್ಲ. ಆದುದರಿಂದ ಅವರು ನಮ್ಮವರೆಂಬ ಹೆಮ್ಮೆ ಇಲ್ಲಿನ ಹುಡುಗರಿಗೆ ಒಂದು ಹಿಡಿ ಹೆಚ್ಚು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಅವರು ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರು ಎಸೆದು ಲಾರಾ ಅವರ ವಿಕೆಟ್ ಪಡೆದ ಚಿತ್ರ ಎಲ್ಲರ ಕಣ್ಣಿನಲ್ಲಿದೆ. ಆ ಧೈರ್ಯವನ್ನು ಕಿರಿದು ಮಾಡುವ ಯೋಗ್ಯತೆ ನನಗಿಲ್ಲ. ಆದರೆ ಒಂದು ವಿಚಾರ ಗಮನಿಸಬೇಕು. ಅಂದು ಮುರಿದಿದ್ದುದು ದವಡೆ. ಚೆಂಡೆಸೆಯುವ ಭುಜವಾಗಲಿ, ಭಾರ ಹೊರುವ ಮಂಡಿಯಾಗಲಿ ಅಲ್ಲ. ಅಷ್ಟು ಎಸೆದು ಮುಗಿಸಿ ಅವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರು.

ಅದಕ್ಕೆ ಹಿಂದಿನ ವರ್ಷದ ಕಥೆಯನ್ನು ನಾವು ಯಾರೂ ಹೇಳುವುದಿಲ್ಲ. ಕುಂಬ್ಳೆಯವರಿಗೆ ಭುಜದ ಶಸ್ತ್ರಚಿಕಿತ್ಸೆಯಾಗಿತ್ತು. 2001ರಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ, ಕ್ರಿಕೆಟ್ ಪ್ರಿಯರು ಇಂದಿಗೂ ನೆನೆಯುವ ಆ ಟೆಸ್ಟ್ ಸರಣಿಯ ಒಂದು ಪಂದ್ಯದಲ್ಲಿಯೂ ಅವರು ಆಡಲಿಲ್ಲ. ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮೆರೆದರು. ನಮ್ಮ ಕುಂಬ್ಳೆ ಭುಜ ನೋಡಿಕೊಳ್ಳುತ್ತ ಹೊರಗಿದ್ದರು. ಅದೇ ವರ್ಷದ ಕೊನೆಯ ಹೊತ್ತಿಗೆ ಮರಳಿ ಬಂದರು. 2008ರಲ್ಲಿ ನಿವೃತ್ತರಾದಾಗ ಅವರ ಟೆಸ್ಟ್ ವಿಕೆಟ್ಟುಗಳು 619. ಮೈಸೂರಿನ ಜಾವಗಲ್ ಶ್ರೀನಾಥರಿಗೂ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು. ಅನಂತರವೂ ಅವರು 2003ರ ವಿಶ್ವಕಪ್ಪಿನವರೆಗೆ ವೇಗದ ಬೌಲರಾಗಿಯೇ ಆಡಿದರು. ಆಂಟಿಗುವಾದ ಒಂದು ಮಧ್ಯಾಹ್ನಕ್ಕಿಂತ, ಪಂದ್ಯ ಬಿಟ್ಟು ಕಳೆದ ಈ ತಿಂಗಳುಗಳು ನಮ್ಮಂಥವರಿಗೆ ಹೆಚ್ಚು ದೊಡ್ಡ ಪಾಠವೆಂದು ನನ್ನ ಅಭಿಪ್ರಾಯ. ಅವುಗಳ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ, ಅಷ್ಟೆ.

ಇನ್ನು ದೊಡ್ಡಪ್ಪನವರ ಶಾಸ್ತ್ರ. ಪೆಟ್ಟು ಬಿದ್ದ ಮೊದಲ ಕೆಲವು ದಿನ ಕೀಲನ್ನು ದಣಿಸದೆ, ಪಟ್ಟಿ ಕಟ್ಟಿ, ಎತ್ತರದಲ್ಲಿಟ್ಟುಕೊಳ್ಳುವುದು ಸರಿಯೆ. ಆದರೆ ಅದು ಕೆಲವು ದಿನಗಳ ಮಾತು. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಸ್ಪಂಜನ್ನು ಒತ್ತಿ ಬಿಟ್ಟರೆ ನೀರು ಹೀರುವಂತೆ, ಕೀಲಿಗೆ ಭಾರ ಬಿದ್ದು ಇಳಿಯುವಾಗಲೇ ಅದು ಕೀಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಮೂಳೆಗೆ ಮೂಳೆಯನ್ನು ಬಿಗಿಯುವ ಲಿಗಮೆಂಟ್ ಎಂಬ ರಜ್ಜು ಕೂಡ ಹದವಾಗಿ ಎಳೆದಾಗಲೇ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಅಂದಮೇಲೆ ಮಂಚವೇ ಮದ್ದೆಂಬುದು ಸಲ್ಲದು.

ಅಕ್ಟೋಬರ್ ತಿಂಗಳಲ್ಲಿ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಮಂಡಿಯ ನಡುವಿನ ರಜ್ಜು ಭಾಗಶಃ ಹರಿದಿದೆ, ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ, ಮೊದಲು ವ್ಯಾಯಾಮ ಮಾಡಿ ನೋಡೋಣ ಎಂದರು ವೈದ್ಯರು. ಇದು ಕೈತೊಳೆದುಕೊಳ್ಳುವ ಮಾತೆಂದು ನಾನು ಅಂದು ತಿಳಿದಿದ್ದೆ. ಆಮೇಲೆ ಓದಿದೆ: 2010ರಲ್ಲಿ ಸ್ವೀಡನ್ನಿನ ವೈದ್ಯರು ಇದೇ ರಜ್ಜು ಹರಿದ 121 ಮಂದಿ ತರುಣರ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ. ಇನ್ನೊಂದು ಗುಂಪಿನ 59 ಮಂದಿಗೆ ಮೊದಲು ವ್ಯಾಯಾಮ, ಅಗತ್ಯಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಎರಡು ವರ್ಷಗಳಲ್ಲಿ ಈ 59 ಮಂದಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 23 ಮಂದಿ. ಎರಡು ಗುಂಪುಗಳ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಯಾರಿಗೂ ಬೇಡವೆಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಅವಸರ ಸಲ್ಲದು. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರು ಮೈದಾನಕ್ಕೆ ಮರಳುವುದನ್ನು ಒಂಬತ್ತನೆಯ ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ನಾನು ಕಾದದ್ದು ನಾಲ್ಕು ದಿನ!

ಫಿಸಿಯೋಥೆರಪಿ ವಿಭಾಗದ ಮೇಡಂ ಟೇಪು ಹಿಡಿದು ಎರಡೂ ತೊಡೆಗಳನ್ನು ಅಳೆದರು. ಎಡತೊಡೆ ಮೂರು ಸೆಂಟಿಮೀಟರ್ ಸೊರಗಿತ್ತು. “ನೋಯ್ತಿರೋದು ಮಂಡಿ, ಕೆಲಸ ಬಿಟ್ಟಿರೋದು ತೊಡೆ. ತೊಡೆನ ಕೆಲಸಕ್ಕೆ ಹಚ್ಚಿದರೆ ಮಂಡಿ ಸುಧಾರಿಸ್ಕೊಳ್ಳುತ್ತೆ” ಎಂದರು. ಅವರು ಹೇಳಿಕೊಟ್ಟದ್ದರಲ್ಲಿ ಗುಟ್ಟೇನೂ ಇಲ್ಲ. ಮಂಡಿಯ ಕೆಳಗೆ ಟವೆಲ್ಲಿನ ಸುರುಳಿ ಇಟ್ಟು ಒತ್ತಿ ಹಿಡಿಯುವುದು. ಕಾಲು ನೆಟ್ಟಗೆ ಮಾಡಿ ಎತ್ತಿ ಇಳಿಸುವುದು. ಹಿಮ್ಮಡಿಯನ್ನು ಜಾರಿಸಿ ಮಂಡಿ ಮಡಿಸುವುದು. ಕೆಲವು ವಾರಗಳ ಮೇಲೆ ಕುರ್ಚಿಯಿಂದ ನಿಧಾನವಾಗಿ ಏಳುವುದು, ಒಂಟಿಕಾಲಿನ ಮೇಲೆ ನಿಲ್ಲುವುದು, ಮೆಟ್ಟಿಲೊಂದನ್ನು ಹತ್ತಿ ಇಳಿಯುವುದು. ಒಂದೇ ಕಟ್ಟಪ್ಪಣೆ: ಮಾಡುವಾಗ ಸ್ವಲ್ಪ ನೋವಾದರೆ ಅಂಜಬೇಡ, ಮರುದಿನ ಬೆಳಗ್ಗೆ ಮಂಡಿಯನ್ನು ನೋಡು. ನೋವು ತಗ್ಗಿ ಊತವಿಲ್ಲದಿದ್ದರೆ ಅಷ್ಟೇ ಮಾಡು, ಇಲ್ಲವೆ ತುಸು ಹೆಚ್ಚಿಸು. ಊದಿಕೊಂಡಿದ್ದರೆ ನಿನ್ನೆಯದು ಅತಿಯಾಯಿತೆಂದು ತಿಳಿದು ಇಳಿಸು.

ಮೊದಲ ತಿಂಗಳು ನಮ್ಮ ಬೀದಿಯ ಕೊನೆಯವರೆಗೆ ನಡೆದೆ. ಆಮೇಲೆ ಮಲ್ಲತ್ತಹಳ್ಳಿ ಕೆರೆಯವರೆಗೆ. ಫೆಬ್ರವರಿಯ ಹೊತ್ತಿಗೆ ಜ್ಞಾನಭಾರತಿಯ ಮರಗಳ ನಡುವಿನ ರಸ್ತೆಗಳಿಗೆ ಹೋಗತೊಡಗಿದೆ. ಅಲ್ಲೊಂದು ಬೆಳಗ್ಗೆ ಒಬ್ಬ ಹುಡುಗಿ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆದು, ಮತ್ತೆ ಗಡಿಯಾರ ನೋಡಿ ಓಡುತ್ತಿದ್ದಳು. ಓಡುವ ಒಂದು ನಿಮಿಷದಲ್ಲಿ ಅವಳ ಕಾಲ್ಗತಿ ನೋಡಿದರೆ ಪಳಗಿದ ಓಟಗಾರ್ತಿಯೆಂದು ಯಾರಿಗೂ ತಿಳಿಯುವಂತಿತ್ತು. ಅಷ್ಟಕ್ಕೇ ಏಕೆ ನಿಲ್ಲಿಸುತ್ತೀರೆಂದು ಕೇಳಿದೆ. “ಕಾಲಿಗೆ ಪೆಟ್ಟಾಗಿತ್ತಣ್ಣ. ಇವತ್ತಿನ ಲೆಕ್ಕ ಇಷ್ಟೇ” ಎಂದು ಮತ್ತೆ ಗಡಿಯಾರ ನೋಡಿದಳು. ಓಡಬಲ್ಲವಳು ಓಡದೆ ನಡೆಯುತ್ತಿದ್ದುದನ್ನು ಕಂಡ ಮೇಲೆ ನನ್ನ ಕುಂಟುನಡಿಗೆಯ ನಾಚಿಕೆ ಬಹುಮಟ್ಟಿಗೆ ಹೋಯಿತು.

ಇಲ್ಲಿ ನಮ್ಮ ಅಮ್ಮನ ವಿಚಾರ ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರು. ನಮ್ಮದು ಮೂರನೆಯ ಮಹಡಿಯ ಮನೆ. ಸಂಜೆ ನನ್ನ ವ್ಯಾಯಾಮಕ್ಕೆ ಅವರು ಎಣಿಕೆ ಹೇಳುತ್ತಿದ್ದರು. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದಾಗ ನೋಡಿದೆ: ಅಡುಗೆಮನೆಯ ನೆಲದ ಮೇಲೆ ಕೂತು, ಮಂಡಿಯ ಕೆಳಗೆ ನನ್ನದೇ ಟವೆಲ್ಲಿಟ್ಟು, ತುಟಿಯಲ್ಲೇ ಎಣಿಸಿಕೊಳ್ಳುತ್ತ ಅಮ್ಮ ಒತ್ತಿ ಹಿಡಿಯುತ್ತಿದ್ದರು. “ಯಾವಾಗಿನಿಂದ ನೋವಮ್ಮ?” ಎಂದೆ. “ಆರು ವರ್ಷ ಆಯ್ತು. ಹೇಳ್ಕೊಂಡು ಏನಾಗಬೇಕು? ಮೆಟ್ಟಿಲು ಹತ್ತದೆ ಇರೋಕಾಗುತ್ತಾ?” ಎಂದರು. ನನ್ನ ಮಂಡಿಗೆ ಊರೆಲ್ಲ ವೈದ್ಯರಾದರು. ಆರು ವರ್ಷದ ಆ ಮಂಡಿಯನ್ನು ಮನೆಯಲ್ಲಿದ್ದ ನಾನೂ ಕೇಳಲಿಲ್ಲ. ಮುಂದಿನ ವಾರ ಮೇಡಂ ಬಳಿ ಇಬ್ಬರೂ ಹೋದೆವು. ಸವೆದ ಮಂಡಿಗೂ ತೊಡೆಯ ಬಲವೇ ಮೊದಲ ಆಸರೆಯಂತೆ. ಈಗ ಎಣಿಕೆ ಹೇಳುವ ಸರದಿ ನನ್ನದು.

ಮಿತ್ರರಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಹಗುರವಾದುದಲ್ಲ. “ನಮ್ಮಂಥ ಬಡವರ ಮಕ್ಕಳಿಗೆ ಕ್ರೀಡಾ ಕೋಟಾದ ಕೆಲಸವೇ ಆಸೆ. ಈ ವರ್ಷ ಆಡದಿದ್ದರೆ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಕುಂಬ್ಳೆ ಕಾಯಬಹುದು, ನಾವು ಕಾಯಲಾದೀತೆ?” ನಿಜ. ಕಳೆದ ವರ್ಷದ ಸರ್ಟಿಫಿಕೇಟು ನನಗೂ ತಪ್ಪಿತು; ಅದರ ನಷ್ಟವೇನೂ ಇಲ್ಲವೆಂದು ನಾನು ಸೋಗು ಹಾಕಲಾರೆ. ಆದರೆ ಆ ನಷ್ಟವಾದದ್ದು ಕಾದುದರಿಂದಲ್ಲ, ಕಾಯದೆ ಆಡಿದುದರಿಂದ. ಬಡವನಿಗೆ ಮಂಡಿಯೇ ಬಂಡವಾಳ. ಓಟದ ಪರೀಕ್ಷೆಯಲ್ಲಿ ಕುಸಿಯುವ ಕಾಲಿಗೆ ಯಾವ ಸರ್ಟಿಫಿಕೇಟು ಕೆಲಸ ಕೊಡಿಸೀತು? ಆದರೂ ಈ ಹೊರೆಯನ್ನು ಒಬ್ಬ ವಿದ್ಯಾರ್ಥಿಯ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅದಕ್ಕೇ ನಮ್ಮ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ಮೂರು ಬಿನ್ನಹಗಳು.

ಒಂದು: ಪ್ರತಿದಿನದ ಅಭ್ಯಾಸಕ್ಕೆ ಮೊದಲು ಇಪ್ಪತ್ತು ನಿಮಿಷ ಮೈ ಸಜ್ಜುಗೊಳಿಸುವ ವ್ಯಾಯಾಮ ಕಡ್ಡಾಯವಾಗಲಿ. ಒಂಟಿಕಾಲಿನ ಸಮತೋಲ, ಹಾರಿ ಮೆತ್ತಗೆ ಇಳಿಯುವುದು, ತಿರುಗುವಾಗ ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು, ಇಷ್ಟೆ. 2008ರಲ್ಲಿ ಪ್ರಕಟವಾದಂತೆ, ನಾರ್ವೆಯ ಬಾಲಕಿಯರ ಫುಟ್‌ಬಾಲ್ ತಂಡಗಳಲ್ಲಿ ಇಂಥ ಕ್ರಮದಿಂದ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಭಾಗ ತಗ್ಗಿದವು. ಇದಕ್ಕೆ ಉಪಕರಣವೂ ಬೇಡ, ಅನುದಾನವೂ ಬೇಡ.

ಎರಡು: ಗಾಯಗೊಂಡವನು ಆಡಬಹುದೆ ಎಂಬುದನ್ನು ನಾಯಕನಾಗಲಿ, ಗೆಳೆಯರಾಗಲಿ, ಗಾಯಗೊಂಡವನೇ ಆಗಲಿ ತೀರ್ಮಾನಿಸದಿರಲಿ. ದೈಹಿಕ ಶಿಕ್ಷಣ ನಿರ್ದೇಶಕರು ವೈದ್ಯರ ಚೀಟಿ ನೋಡಿ ಹೇಳಲಿ. ಕೆಲವು ತಾಸಿನಲ್ಲೇ ಊದಿಕೊಂಡ, ಭಾರ ಹೊರಲಾರದ, ಮಡಿಸಿದಲ್ಲೇ ಸಿಕ್ಕಿಕೊಳ್ಳುವ, ನಡೆವಾಗ ಕುಸಿಯುವ ಕೀಲನ್ನು ಎಣ್ಣೆಗೂ ಪಟ್ಟಿಗೂ ಒಪ್ಪಿಸದೆ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ತಂಡದ ನಿಯಮವಾಗಲಿ.

ಮೂರು: ಗಾಯಗೊಂಡವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ನನಗೆ ಮಂಡಿಯ ನೋವಿಗಿಂತ ಹೆಚ್ಚು ನೊಂದದ್ದು, ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ತಿಂಗಳಾದ ಮೇಲೆ ಯಾರೂ ನನ್ನ ಹೆಸರೆತ್ತದಿದ್ದಾಗ. ಆಡಲಾಗದವನು ಅಂಕ ಬರೆಯಬಲ್ಲ, ಹೊಸಬರಿಗೆ ಕಲಿಸಬಲ್ಲ, ಎದುರಾಳಿಯ ಆಟ ಗಮನಿಸಿ ಹೇಳಬಲ್ಲ. ತಂಡದಲ್ಲಿ ತನ್ನ ಜಾಗ ಉಳಿದಿದೆಯೆಂದು ಗೊತ್ತಿದ್ದವನು ಅವಸರಪಟ್ಟು ಅಂಕಣಕ್ಕೆ ಹಾರುವುದಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ನಿಧಾನವಾಗಿ ಓಡಿದೆ. ಜುಲೈಯಲ್ಲಿ ಅಡ್ಡಡ್ಡ ಓಡುವುದನ್ನೂ ತಿರುಗುವುದನ್ನೂ ಮತ್ತೆ ಅ ಆ ಇ ಈ ಎಂಬಂತೆ ಕಲಿತೆ. ಆಗಸ್ಟಿನ ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಏಳು ನಿಮಿಷ ಆಡಿದೆ. ಎರಡು ಅಂಕ ಬಂದವು. ಯಾರೂ ವಿಶೇಷವಾಗಿ ಚಪ್ಪಾಳೆ ತಟ್ಟಲಿಲ್ಲ. ಮರುದಿನ ಬೆಳಗ್ಗೆ ಎದ್ದವನು ಮೊದಲು ಮಂಡಿ ನೋಡಿಕೊಂಡೆ. ಊತವಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, “ಏನಂತೆ?” ಎಂದರು. “ಇವತ್ತೂ ಹೋಗಬಹುದಂತಮ್ಮ” ಎಂದೆ.