ಗಡಿಯಾರ, ಹೆಲಿಕಾಪ್ಟರ್ ಮತ್ತು ಹಲಸು: ತುಮಕೂರು ಕಲಿಸುವ ಪಾಠ

ಕರಾವಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ನಮ್ಮವರಿಗೆ ಕುಣಿಗಲ್ ಎಂದರೆ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ದಾಟಿಹೋಗುವ ಒಂದು ಊರು. 2017ರಲ್ಲಿ ಹಾಸನ-ಬೆಂಗಳೂರು ನೇರ ರೈಲು ಮಾರ್ಗ ತೆರೆದ ಮೇಲೆ ರೈಲಿನವರೂ ಇದೇ ದಾರಿಯಲ್ಲಿ ಸಾಗುತ್ತಾರೆ. ಅಲ್ಲಿಂದ ತುಸು ಉತ್ತರಕ್ಕೆ ತುಮಕೂರು, ಅದರ ಪಕ್ಕದಲ್ಲಿ ಗುಬ್ಬಿ. ನಾವು ಇಳಿಯದೆ ಹಾದುಹೋಗುವ ಈ ಸೀಮೆಯಲ್ಲಿ ಕಳೆದ ಐದು ದಶಕಗಳಲ್ಲಿ ನಡೆದದ್ದನ್ನು ಗಮನಿಸಿದರೆ ಒಂದು ಪ್ರಶ್ನೆ ಎದುರಾಗುತ್ತದೆ. ಹೊಸ ತಂತ್ರಜ್ಞಾನ ಬಂದರೆ ಅಭಿವೃದ್ಧಿ ತಾನಾಗಿಯೇ ಬರುತ್ತದೆಯೇ? ಬಂದದ್ದು ಊರಿನಲ್ಲಿ ಉಳಿಯುತ್ತದೆಯೇ?

ಒಂದು ತಿಂಗಳು, ಎರಡು ಸುದ್ದಿ

2016ರ ಜನವರಿ 3ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿ ನರೇಂದ್ರ ಮೋದಿಯವರು ಶಂಕುಸ್ಥಾಪನೆ ಮಾಡಿದರು. ಅದೇ ತಿಂಗಳು ದೆಹಲಿಯಲ್ಲಿ ಇನ್ನೊಂದು ತೀರ್ಮಾನವಾಯಿತು. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ಬಾಗಿಲಿಗೂ ಬೀಗ ಬಿತ್ತು. ಒಂದೇ ಜಿಲ್ಲೆಗೆ ಒಂದೇ ತಿಂಗಳಲ್ಲಿ ಬಂದ ಈ ಎರಡು ಸುದ್ದಿಗಳನ್ನು ಜೊತೆಯಲ್ಲಿಟ್ಟು ಓದಬೇಕು.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಆರಂಭಿಸಿತು. ತುಮಕೂರಿನ ಕಾರ್ಖಾನೆ ಬಂದದ್ದು 1978ರಲ್ಲಿ. ಮದುಮಗನಿಗೆ, ಪರೀಕ್ಷೆ ಪಾಸಾದ ಮಗನಿಗೆ ಎಚ್‌ಎಂಟಿ ವಾಚು ಕೊಡುತ್ತಿದ್ದ ಕಾಲ ಅದು. ಮಳೆಯನ್ನೇ ನಂಬಿದ್ದ ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಯಂತ್ರಗೆಲಸ ನಡೆಯತೊಡಗಿದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಕೀಲಿ ಕೊಡುವ ಗಡಿಯಾರದ ಜಾಗಕ್ಕೆ ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರ ಬಂತು. 1980ರ ದಶಕದಲ್ಲಿ ಟೈಟಾನ್ ಬಂತು. ತುಮಕೂರಿನ ಕಾರ್ಖಾನೆಯೂ ಭಾಗಶಃ ಕ್ವಾರ್ಟ್ಜ್‌ಗೆ ಬದಲಾಯಿತಾದರೂ ಮಾರುಕಟ್ಟೆ ಕೈತಪ್ಪಿಹೋಯಿತು. ಕೊನೆಗೆ ಉಳಿದ ನೌಕರರಿಗೆ ಸ್ವಯಂ ನಿವೃತ್ತಿ. ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ.

ಜಾಗ ಹಾಳು ಬೀಳಲಿಲ್ಲ, ನಿಜ. ಆದರೆ ಎರಡು ತಲೆಮಾರಿನ ಕೈಗಳಲ್ಲಿ ಬೆಳೆದ ಕೌಶಲ್ಯವನ್ನು ಯಾವ ಕಡತದ ಮೂಲಕ ಯಾರಿಗೆ ಹಸ್ತಾಂತರಿಸಲಾಯಿತು? ಯಂತ್ರಕ್ಕೆ, ಭೂಮಿಗೆ ಬೆಲೆ ಕಟ್ಟುವ ನಮ್ಮ ಲೆಕ್ಕಪತ್ರದಲ್ಲಿ ಕೆಲಸಗಾರನ ಕೈಚಳಕಕ್ಕೆ ಅಂಕಣವೇ ಇಲ್ಲ.

ಗುಬ್ಬಿಯ ನಿರೀಕ್ಷೆ

ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆ ವಿಸ್ತಾರದ್ದು. ಶಂಕುಸ್ಥಾಪನೆಯಾಗಿ ಏಳು ವರ್ಷಗಳ ನಂತರ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ 30 ಲಘು ಹೆಲಿಕಾಪ್ಟರ್‌ಗಳು, ನಂತರ ಹಂತಹಂತವಾಗಿ 60, 90; 20 ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಲಿಕಾಪ್ಟರ್, 4 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟು ಎಂಬುದು ಸರಕಾರ ಅಂದು ಪ್ರಕಟಿಸಿದ ಗುರಿ.

ದೇಶದ ರಕ್ಷಣೆಗೆ ಬೇಕಾದದ್ದು ದೇಶದಲ್ಲೇ ತಯಾರಾಗುವುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಒಂದು ಲೆಕ್ಕ ನೋಡಿ. ಶಂಕುಸ್ಥಾಪನೆಯ ವರ್ಷ ಎಂಟನೇ ತರಗತಿಯಲ್ಲಿದ್ದ ಗುಬ್ಬಿಯ ಹುಡುಗಿ ಉದ್ಘಾಟನೆಯ ಹೊತ್ತಿಗೆ ಇಪ್ಪತ್ತು ದಾಟಿದ್ದಳು. ಡಿಪ್ಲೊಮಾ ಆಗಲಿ ಐಟಿಐ ಆಗಲಿ ಮುಗಿಸಲು ಆ ಏಳು ವರ್ಷ ಧಾರಾಳ ಸಾಕು. ಕಟ್ಟಡಕ್ಕೆ ಅಡಿಗಲ್ಲು ಹಾಕಿದ ದಿನವೇ ಆ ಮಕ್ಕಳ ತರಬೇತಿಗೂ ಅಡಿಗಲ್ಲು ಬೀಳಬೇಕು. ಇಲ್ಲವಾದರೆ ಒಳಗೆ ಯಂತ್ರದ ಮುಂದೆ ಹೊರಗಿನವರು ನಿಲ್ಲುತ್ತಾರೆ. ಊರಿನವರು ಗೇಟಿನ ಕಾವಲಿಗೆ, ಹುಲ್ಲು ಕತ್ತರಿಸಲು ನಿಲ್ಲುತ್ತಾರೆ. ದೊಡ್ಡ ಕಾರ್ಖಾನೆಗಳಿಗೆ ಭೂಮಿ ಬಿಟ್ಟುಕೊಟ್ಟ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಹಲಸಿನ ಮರ

ಇದೇ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಇನ್ನೊಂದು ಬಗೆಯ ತಂತ್ರಜ್ಞಾನ ಸದ್ದಿಲ್ಲದೆ ಕೆಲಸ ಮಾಡಿತು. ಅಲ್ಲಿನ ರೈತರೊಬ್ಬರ ತೋಟದಲ್ಲಿ ತಂದೆ ನೆಟ್ಟ ಒಂದು ಹಲಸಿನ ಮರ. ಹಣ್ಣು ಚಿಕ್ಕದು, ತೊಳೆ ತಾಮ್ರದ ಬಣ್ಣದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ, ಲೈಕೋಪಿನ್ ಎಂಬ ಪೋಷಕಾಂಶ ಅದರಲ್ಲಿ ಹೆಚ್ಚಾಗಿದೆ ಎಂದು ಕಂಡುಕೊಂಡರು. ನೆಟ್ಟವರ ಹೆಸರಿನಿಂದಲೇ ತಳಿಗೆ ‘ಸಿದ್ದು’ ಎಂದು ಹೆಸರಾಯಿತು.

ಹಲಸು ಬೀಜದಿಂದ ಬೆಳೆದರೆ ತಾಯಿಮರದ ಗುಣ ಹಾಗೆಯೇ ಬರುವುದಿಲ್ಲ. ಆದ್ದರಿಂದ ತಾಯಿಮರದ ಕಡ್ಡಿಯನ್ನು ಸಸಿಗೆ ಕಸಿ ಕಟ್ಟಬೇಕು. 2017ರಲ್ಲಿ ಸಂಸ್ಥೆ ಮತ್ತು ರೈತನ ನಡುವೆ ಒಪ್ಪಂದವಾಯಿತು: ಕಸಿ ಗಿಡಗಳ ಮಾರಾಟದ ಆದಾಯದಲ್ಲಿ ಶೇಕಡಾ 75ರಷ್ಟು ರೈತನಿಗೆ. ಇಲ್ಲಿ ಯಂತ್ರ ಚಿಕ್ಕದು; ಒಂದು ಚಾಕು, ಒಂದಿಷ್ಟು ಪ್ಲಾಸ್ಟಿಕ್ ಪಟ್ಟಿ. ಆದರೆ ವಿಜ್ಞಾನ ದೊಡ್ಡದು, ನ್ಯಾಯ ಅದಕ್ಕಿಂತ ದೊಡ್ಡದು. ಮರ ರೈತನದ್ದೇ, ಕಸಿ ಕಟ್ಟುವ ವಿದ್ಯೆ ಊರಿನಲ್ಲೇ, ಆದಾಯದ ಹೆಚ್ಚಿನ ಪಾಲು ಮನೆಗೇ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯೂ ತಳಿ ಉಳಿಸಿಕೊಂಡು ಬಂದ ರೈತನ ಹಕ್ಕನ್ನು ಗುರುತಿಸುತ್ತದೆ.

ಹಾಗೆಂದು ಹಲಸಿನಿಂದಲೇ ಜಿಲ್ಲೆಯ ಎಲ್ಲರ ಹೊಟ್ಟೆ ತುಂಬುತ್ತದೆ ಎಂದು ನಾವು ಹೇಳುತ್ತಿಲ್ಲ. 2011ರ ಜನಗಣತಿಯ ಪ್ರಕಾರವೇ ಸುಮಾರು 27 ಲಕ್ಷ ಜನರಿರುವ ಜಿಲ್ಲೆಗೆ ಕಾರ್ಖಾನೆಯೂ ಬೇಕು. ಹೆಲಿಕಾಪ್ಟರ್ ಬೇಡ, ಹಲಸು ಸಾಕು ಎಂಬುದು ನಮ್ಮ ವಾದವಲ್ಲ. ಹಲಸಿನ ಒಪ್ಪಂದದಲ್ಲಿದ್ದ ನ್ಯಾಯ ಹೆಲಿಕಾಪ್ಟರ್‌ಗೂ ಬರಲಿ ಎಂಬುದಷ್ಟೇ.

ನೀರಿನ ಲೆಕ್ಕ

ಕಾರ್ಖಾನೆಗೂ ತೋಟಕ್ಕೂ ಸಮಾನವಾಗಿ ಬೇಕಾದದ್ದು ನೀರು. ತುಮಕೂರು ಸೀಮೆಗೆ ಹೇಮಾವತಿ ನೀರು ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಬರುತ್ತದೆ. ಕುಣಿಗಲ್ ಆ ನಾಲೆಯ ಕೊನೆಯ ಭಾಗ. ನಮ್ಮ ಪಾಲಿನ ನೀರು ತಲುಪುತ್ತಲೇ ಇಲ್ಲ ಎಂಬುದು ಅಲ್ಲಿನವರ ಬಹುಕಾಲದ ದೂರು. ಇದಕ್ಕೆ ಪರಿಹಾರವಾಗಿ ನಾಲೆಯ 70ನೇ ಕಿಲೋಮೀಟರಿನಿಂದ ಕೊಳವೆ ಮಾರ್ಗದಲ್ಲಿ ನೇರವಾಗಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಯೋಜನೆಯನ್ನು ಸರಕಾರ ರೂಪಿಸಿತು. ನಮ್ಮ ಕೆರೆಗಳು ಒಣಗುತ್ತವೆ ಎಂದು ಗುಬ್ಬಿ, ತುಮಕೂರು ಭಾಗದ ರೈತರು ತಿರುಗಿಬಿದ್ದರು. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಭಾರೀ ಪ್ರತಿಭಟನೆಯೇ ನಡೆಯಿತು.

ಇಲ್ಲಿ ಯಾರನ್ನು ತಪ್ಪಿತಸ್ಥರೆನ್ನೋಣ? ಕುಣಿಗಲ್ಲಿನ ಬಾಯಾರಿಕೆಯೂ ನಿಜ, ಗುಬ್ಬಿಯ ಭಯವೂ ನಿಜ. ಕೊಳವೆ ನೀರನ್ನು ಸಾಗಿಸಬಲ್ಲದು, ಹುಟ್ಟಿಸಲಾರದು. ಕೊಳವೆಗಿಂತ ಮೊದಲು ಬರಬೇಕಾದ ತಂತ್ರಜ್ಞಾನ ಅಳತೆಯದ್ದು. ನಾಲೆಯ ಪ್ರತಿ ಉಪಕಾಲುವೆಯಲ್ಲಿ ಎಷ್ಟು ನೀರು ಹರಿಯಿತು ಎಂಬುದು ಪ್ರತಿದಿನ ಎಲ್ಲರಿಗೂ ಕಾಣುವಂತಿದ್ದರೆ ಅರ್ಧ ಅನುಮಾನ ಕರಗುತ್ತದೆ. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಗ್ರಾಮ ಪಂಚಾಯತಿಗಳು ಅಂತರ್ಜಲದ ಮಟ್ಟ ಅಳೆದು ತಮ್ಮ ನೀರಿನ ಆಯವ್ಯಯ ತಾವೇ ಬರೆಯಬೇಕೆಂಬುದು ಅದರ ತಿರುಳು. ಕಡಿಮೆ ಖರ್ಚಿನ, ಆದರೆ ಬಾಳುವ ವಿಚಾರವದು.

ಬಡ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ನಮ್ಮ ಹಳ್ಳಿಗಳ ‘ಇಂಡಿಯಾ ಮಾರ್ಕ್ 2’ ಕೈಪಂಪು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಭಾರತದಲ್ಲೇ ರೂಪುಗೊಂಡು ಆಫ್ರಿಕದವರೆಗೆ ಹೋಯಿತು. ಬಿಡಿಭಾಗ ಸಿಗುವ, ರಿಪೇರಿ ಬಲ್ಲವರಿರುವ ಊರಿನಲ್ಲಿ ಅದು ನೀರು ಕೊಟ್ಟಿತು. ಇಲ್ಲದ ಕಡೆ ತುಕ್ಕು ಹಿಡಿದು ನಿಂತಿತು. ಪಂಪು ಒಂದೇ, ವ್ಯತ್ಯಾಸ ಇದ್ದದ್ದು ಸ್ಪ್ಯಾನರ್ ಯಾರ ಕೈಯಲ್ಲಿತ್ತು ಎಂಬುದರಲ್ಲಿ.

ನಾವು ಕೇಳಬೇಕಾದದ್ದು

ಯೋಜನೆ ನಾಳೆ ನಮ್ಮ ಊರಿಗೂ ಬರುತ್ತದೆ. ಆಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ಇದರ ವಿದ್ಯೆ ನಮ್ಮ ಮಕ್ಕಳಿಗೆ ಸಿಗುತ್ತದೆಯೇ? ಆದಾಯದಲ್ಲಿ ಊರಿನ ಪಾಲೆಷ್ಟು? ನೀರನ್ನು ಎಲ್ಲಿಂದ, ಯಾರ ಪಾಲಿನಿಂದ ತರುತ್ತೀರಿ? ಹೆಚ್ಚಿನ ಗ್ರಾಮಸಭೆಗಳಲ್ಲಿ ಕುರ್ಚಿ ಖಾಲಿ ಇರುತ್ತದೆ, ನಮ್ಮವರದ್ದೂ ಸೇರಿ. ನಮ್ಮ ಧರ್ಮಕೇಂದ್ರಗಳ ಸ್ವಸಹಾಯ ಸಂಘಗಳು, ಯುವಕರು, ವಾಳೆಯ ಗುರಿಕಾರರು ಅಲ್ಲಿ ಹೋಗಿ ಕುಳಿತರೆ ಈ ಪ್ರಶ್ನೆಗಳಿಗೆ ಬಾಯಿ ಬರುತ್ತದೆ. ಉದ್ಘಾಟನೆಯ ದಿನ ಚಪ್ಪಾಳೆ ತಟ್ಟಲು ಎಲ್ಲರೂ ಇರುತ್ತಾರೆ; ಬೀಗ ಬೀಳುವ ದಿನ ಊರಿನವರಷ್ಟೇ ಉಳಿಯುತ್ತಾರೆ. ಆದ್ದರಿಂದ ಪ್ರಶ್ನೆ ಕೇಳುವ ಹಕ್ಕೂ ಮೊದಲು ಅವರದ್ದೇ.