ಮನೆಮಾತನ್ನು ಬಿಡಿಸುವ ಮೊದಲು ಮಗುವಿನ ಕಿವಿಯನ್ನು ಪರೀಕ್ಷಿಸಿ

ಪ್ರತಿವರ್ಷ ಮಾರ್ಚ್ 3ನ್ನು ವಿಶ್ವ ಆರೋಗ್ಯ ಸಂಸ್ಥೆಯು ವಿಶ್ವ ಶ್ರವಣ ದಿನವೆಂದು ಆಚರಿಸುತ್ತದೆ. ಆ ದಿನ ಕೆಲವು ಶಾಲೆಗಳಲ್ಲಿ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ, ವೈದ್ಯರೊಬ್ಬರು ಬಂದು ಉಪನ್ಯಾಸ ನೀಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರುದಿನ ತರಗತಿ ಎಂದಿನಂತೆ ನಡೆಯುತ್ತದೆ. ದೇಶದ ಎಲ್ಲೆಡೆಯ ಕಥೆಯೂ ಇದೇ ಆಗಿರಬಹುದು. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮಂಥ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ಅಪಾಯವಿದೆ. ಅದು ನಮ್ಮ ಮನೆಮಾತಿಗೆ ಸಂಬಂಧಿಸಿದ್ದು.

ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿ ಹೇಳುತ್ತೇವೆ. ಮುಂಬಯಿಯ ಪಶ್ಚಿಮ ಉಪನಗರದಲ್ಲಿರುವ ಕುಟುಂಬ. ಅಜ್ಜಿಯೊಡನೆ ತುಳು, ತಂದೆತಾಯಿಯರೊಡನೆ ಕನ್ನಡ, ಕಟ್ಟಡದ ಮಕ್ಕಳೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಸೀನಿಯರ್ ಕೆಜಿಗೆ ಬಂದರೂ ಹುಡುಗಿಯ ಮಾತು ಅಸ್ಪಷ್ಟ. ಕರೆದರೆ ಒಮ್ಮೊಮ್ಮೆ ಓಗೊಡುವಳು, ಒಮ್ಮೊಮ್ಮೆ ಇಲ್ಲ. ಪಾಲಕರ ಸಭೆಯಲ್ಲಿ ಶಿಕ್ಷಕಿ ಹೇಳಿದ್ದು ಒಂದೇ ಮಾತು: ಮನೆಯಲ್ಲಿ ಇಷ್ಟು ಭಾಷೆಗಳಿದ್ದರೆ ಮಗುವಿಗೆ ಗೊಂದಲವಾಗದೆ ಇನ್ನೇನಾದೀತು, ಇನ್ನು ಮುಂದೆ ಇಂಗ್ಲಿಷ್ ಒಂದನ್ನೇ ಆಡಿರಿ. ತಂದೆತಾಯಿಯರು ಶ್ರದ್ಧೆಯಿಂದ ಪಾಲಿಸಿದರು. ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗಳೆದುರು ಮೌನವಾದರು. ಕೆಲವು ತಿಂಗಳ ಬಳಿಕ ಊರಿಗೆ ಹೊರಟುಹೋದರು. ಒಂದು ವರ್ಷ ಕಳೆದರೂ ಮಾತು ಸುಧಾರಿಸಲಿಲ್ಲ. ನೆಗಡಿಗೆಂದು ತೋರಿಸಲು ಹೋದಾಗ ಕಿವಿ-ಮೂಗು-ಗಂಟಲು ತಜ್ಞರೊಬ್ಬರು ಸುಮ್ಮನೆ ಕಿವಿಯನ್ನೂ ಪರೀಕ್ಷಿಸಿದರು. ಎರಡೂ ಕಿವಿಗಳ ತಮಟೆಯ ಹಿಂದೆ ಅಂಟುದ್ರವ ತುಂಬಿತ್ತು. ಮಗು ಅಷ್ಟು ದಿನವೂ ಕಿವಿಯಲ್ಲಿ ಬೆರಳಿಟ್ಟುಕೊಂಡವರಂತೆ ಕೇಳಿಸಿಕೊಳ್ಳುತ್ತಿತ್ತು.

ಆ ಶಿಕ್ಷಕಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರ ತರಬೇತಿಯಲ್ಲಿ ಕಿವಿಯ ವಿಷಯ ಎಷ್ಟು ಪುಟಗಳಿದ್ದೀತು? ಅವರು ಹೇಳಿದ್ದನ್ನೇ ನೆರೆಹೊರೆಯವರೂ ಬಂಧುಗಳೂ ಹೇಳುತ್ತಾರೆ, ಕೆಲವೊಮ್ಮೆ ವೈದ್ಯರೂ ಹೇಳುತ್ತಾರೆ. ಆದರೆ ಆ ನಂಬಿಕೆ ತಪ್ಪು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಒಂದೇ ಭಾಷೆಯ ಮಕ್ಕಳಂತೆಯೇ ಸುಮಾರು ಒಂದು ವರ್ಷಕ್ಕೆ ಮೊದಲ ಪದವನ್ನೂ, ಎರಡು ವರ್ಷಕ್ಕೆ ಎರಡು ಪದಗಳ ಜೋಡಣೆಯನ್ನೂ ಆಡುತ್ತಾರೆ. ಒಂದೊಂದು ಭಾಷೆಯ ಶಬ್ದಸಂಗ್ರಹ ಪ್ರತ್ಯೇಕವಾಗಿ ಎಣಿಸಿದರೆ ಕಡಮೆ ಕಾಣಬಹುದು. ಎಲ್ಲ ಭಾಷೆಗಳ ಪದಗಳನ್ನು ಕೂಡಿಸಿದರೆ ಕೊರತೆ ಉಳಿಯುವುದಿಲ್ಲ. ಒಂದೇ ವಾಕ್ಯದಲ್ಲಿ ಕನ್ನಡ, ಹಿಂದಿ ಬೆರೆಸುವುದು ರೋಗದ ಲಕ್ಷಣವಲ್ಲ. ಮುಂಬಯಿಯ ದೊಡ್ಡವರೂ ಅದನ್ನೇ ಮಾಡುತ್ತೇವೆ. ಆದ್ದರಿಂದ ಎರಡು ವರ್ಷ ಕಳೆದರೂ ಯಾವ ಭಾಷೆಯಲ್ಲಿಯೂ ಎರಡು ಪದ ಜೋಡಿಸದ ಮಗುವಿಗೆ ಬೇಕಾದುದು ಭಾಷೆಯ ಕಡಿತವಲ್ಲ, ಶ್ರವಣ ಪರೀಕ್ಷೆ. ಮನೆಮಾತನ್ನು ಬಿಡಿಸಿದರೆ ಎರಡು ನಷ್ಟ: ತಾಯಿ ಸಹಜವಾಗಿ ಆಡಬಲ್ಲ ಭಾಷೆ ಹೋಗಿ ಆಕೆಗೇ ತಡವರಿಸುವ ಭಾಷೆ ಮಗುವಿನ ಪಾಲಿಗೆ ಬರುತ್ತದೆ, ನಿಜವಾದ ಕಾರಣವನ್ನು ಹುಡುಕುವ ಅಮೂಲ್ಯ ಕಾಲ ಕಳೆದುಹೋಗುತ್ತದೆ.

ಪೂರ್ಣ ಕಿವುಡುತನವಾದರೆ ಮನೆಯವರು ಹೇಗೋ ಗುರುತಿಸುತ್ತಾರೆ. ಶಾಲೆಯ ವಯಸ್ಸಿನಲ್ಲಿ ಮೋಸಮಾಡುವುದು ಅಲ್ಪ ಪ್ರಮಾಣದ ಶ್ರವಣದೋಷ. ಮೇಲೆ ಹೇಳಿದ ಅಂಟುದ್ರವದ ತೊಂದರೆ ಸಣ್ಣ ಮಕ್ಕಳಲ್ಲಿ ಅತಿ ಸಾಮಾನ್ಯ. ನೆಗಡಿಯ ಬೆನ್ನಲ್ಲೇ ಬಂದು, ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ತಮಟೆಯಲ್ಲಿ ಸೂಕ್ಷ್ಮ ನಳಿಕೆ ಕೂರಿಸುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಇಂಥ ಮಗುವಿಗೆ ಬಾಗಿಲು ಬಡಿದ ಸದ್ದು ಕೇಳುತ್ತದೆ, ಟಿ.ವಿ. ಕೇಳುತ್ತದೆ, ಹೆಸರು ಹಿಡಿದು ಗಟ್ಟಿಯಾಗಿ ಕರೆದರೂ ಕೇಳುತ್ತದೆ. ಕೇಳದಿರುವುದು ಮೆಲುದನಿಯ ಮಾತು ಮತ್ತು ಮೃದುವಾದ ವ್ಯಂಜನಗಳು. ಕನ್ನಡದಲ್ಲಿ ಅರ್ಥವೆಲ್ಲ ಪದದ ಬಾಲದಲ್ಲಿದೆ ಎಂಬುದನ್ನು ನೆನೆಯಿರಿ. ಮನೆಗೆ, ಮನೆಯಲ್ಲಿ, ಮನೆಯಿಂದ ಎಂಬಲ್ಲಿ ವ್ಯತ್ಯಾಸವಿರುವುದು ನಾವು ದನಿಯಿಳಿಸಿ ಆಡುವ ಕೊನೆಯ ಅಕ್ಷರಗಳಲ್ಲಿ. ಅವು ಕಿವಿಗೆ ಬೀಳದ ಮಗು ವಿಭಕ್ತಿಗಳಲ್ಲಿ ಎಡವಿದರೆ ನಾವು 'ಮುಂಬಯಿ ಮಕ್ಕಳ ಕನ್ನಡ' ಎಂದು ನಕ್ಕು ಸುಮ್ಮನಾಗುತ್ತೇವೆ. ಶಾಲೆಯಲ್ಲಿ ಅದೇ ಮಗುವಿಗೆ ಸಿಗುವ ಬಿರುದು 'ಗಮನವಿಲ್ಲದ ಮಗು'.

ಇಲ್ಲಿ ಸರಕಾರಿ ವ್ಯವಸ್ಥೆಯ ಒಂದು ವಿಚಿತ್ರ ಸ್ಥಿತಿಯನ್ನು ಗಮನಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೂ ಒಂದು ಬಾರಿ ಶಾಲೆಗಳಿಗೂ ಭೇಟಿ ನೀಡಬೇಕು. ಜನ್ಮಜಾತ ಕಿವುಡುತನ, ಕಿವಿಯ ಸೋಂಕು, ಶ್ರವಣದೋಷ, ಮಾತಿನ ವಿಳಂಬ, ಈ ನಾಲ್ಕೂ ಅದರ ಪಟ್ಟಿಯಲ್ಲಿವೆ. ಪತ್ತೆಯಾದ ಮಗುವಿನ ಚಿಕಿತ್ಸೆಗೂ ಅವಕಾಶವಿದೆ. ಒಳ್ಳೆಯ ಯೋಜನೆ. ಆದರೆ ಅದು ತಲಪುವುದು ಸರಕಾರಿ ಮತ್ತು ಅನುದಾನಿತ ಶಾಲೆಗಳನ್ನು. ನಾವಾದರೋ ಮಕ್ಕಳನ್ನು ಹೆಚ್ಚಾಗಿ ಅನುದಾನರಹಿತ ಖಾಸಗಿ ಆಂಗ್ಲಮಾಧ್ಯಮ ಶಾಲೆಗಳಿಗೆ ಕಳುಹಿಸುತ್ತೇವೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಉಚಿತವಾಗಿ ದೊರಕಬೇಕಾದ ತಪಾಸಣೆ, ಸಾವಿರಾರು ರೂಪಾಯಿ ಶುಲ್ಕ ತೆತ್ತ ಶಾಲೆಯಲ್ಲಿ ದೊರಕುತ್ತದೆಂಬ ಭರವಸೆಯಿಲ್ಲ. ಅಲ್ಲಿ ವಾರ್ಷಿಕ ಆರೋಗ್ಯ ತಪಾಸಣೆಯೆಂದರೆ ಎತ್ತರ, ತೂಕ, ಹಲ್ಲು, ಕಣ್ಣು. ಕಿವಿಯ ಅಂಕಣವಿದ್ದರೂ ಅದರಲ್ಲಿ ದಾಖಲಾಗುವುದು ಗುಗ್ಗೆ ಇದೆಯೋ ಇಲ್ಲವೋ ಎಂಬುದಷ್ಟೆ. ಕಿವಿಯೊಳಗೆ ಬೆಳಕು ಬಿಟ್ಟು ನೋಡುವುದು ಬೇರೆ, ಕೇಳಿಸುತ್ತದೆಯೇ ಎಂದು ಅಳೆಯುವುದು ಬೇರೆ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ ಅಂಗವಿಕಲ ಮಕ್ಕಳನ್ನು ಗುರುತಿಸಬೇಕೆಂದು ಸರಕಾರ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದೆ. ಆದರೆ ಆ ಕಾಯಿದೆಯ ವ್ಯಾಖ್ಯೆಯಲ್ಲಿ ಮಂದಶ್ರವಣ ಆರಂಭವಾಗುವುದೇ 60 ಡೆಸಿಬೆಲ್ ನಷ್ಟದಿಂದ. 25-30 ಡೆಸಿಬೆಲ್ ಕಳೆದುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತ ಮಗು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಆ ಹಿಂದಿನ ಬೆಂಚಿನ ಮಾತನ್ನೇ ತೆಗೆದುಕೊಳ್ಳೋಣ. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ರೈಲುಹಳಿಯ ಪಕ್ಕದ, ಹೆದ್ದಾರಿಗೆ ಮುಖಮಾಡಿದ ಶಾಲೆಗಳಲ್ಲಿ, ತಲೆಯ ಮೇಲೆ ನಾಲ್ಕು ಪಂಖಗಳು ತಿರುಗುತ್ತಿರುವಾಗ, ಈ ಎರಡು ಸಂಖ್ಯೆಗಳೂ ಕಾಗದದ ಮೇಲಿನ ಅಲಂಕಾರಗಳು. ಸ್ವಸ್ಥ ಕಿವಿಯ ಮಗುವೇ ಅಲ್ಲಿ ಊಹಿಸಿ ಕೇಳಿಸಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಕೂರಿಸುವುದು, ಕಪ್ಪುಹಲಗೆಯ ಕಡೆ ತಿರುಗಿಕೊಂಡು ಪಾಠ ಹೇಳದಿರುವುದು, ಇವಕ್ಕೆ ಖರ್ಚಿಲ್ಲ. ಶಿಕ್ಷಕರಿಗೆ ಯಾರಾದರೂ ಹೇಳಬೇಕು, ಅಷ್ಟೆ.

ಉಗ್ಗಿನ ಬಗೆಗೂ ಎರಡು ಮಾತು. ಮೂರು ನಾಲ್ಕರ ವಯಸ್ಸಿನಲ್ಲಿ ಅನೇಕ ಮಕ್ಕಳು ಕೆಲಕಾಲ ಉಗ್ಗುತ್ತಾರೆ, ಹೆಚ್ಚಿನವರು ಅದನ್ನು ದಾಟುತ್ತಾರೆ. 'ನಿಧಾನ ಹೇಳು, ಸರಿಯಾಗಿ ಹೇಳು' ಎಂದು ನೆಂಟರೆದುರು ತಿದ್ದುವುದರಿಂದ ಉಪಕಾರವಿಲ್ಲ. ತಿಂಗಳುಗಟ್ಟಲೆ ಮುಂದುವರಿದರೆ ವಾಕ್‌ಚಿಕಿತ್ಸಕರ ಬಳಿ ಹೋಗಬೇಕು. ಹಾಗೆಯೇ 'ಹಳ್ಳಿ'ಯನ್ನು 'ಹಲ್ಲಿ' ಎನ್ನುವ ದಿಲ್ಲಿಯ ಕನ್ನಡ ಹುಡುಗನಿಗೆ ದೋಷವಿದೆಯೆಂದು ತಿಳಿಯಬೇಕಾಗಿಲ್ಲ. ಸುತ್ತಲಿನ ಹಿಂದಿಯಲ್ಲಿ ಳಕಾರ ಕೇಳಿಬರುವುದಿಲ್ಲ. ಮರಾಠಿಯಲ್ಲಿ ಇರುವುದರಿಂದ ನಮ್ಮ ಮುಂಬಯಿ ಮಕ್ಕಳು ಆ ಮಟ್ಟಿಗೆ ಭಾಗ್ಯವಂತರು!

ನೆರವಿನ ಬಾಗಿಲು ದೂರವಿಲ್ಲ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲಿ ಶ್ರವಣ ಮತ್ತು ವಾಕ್ ಚಿಕಿತ್ಸೆಯ ಶಿಕ್ಷಣ 1960ರ ದಶಕದಿಂದಲೂ ನಡೆದುಬಂದಿದೆ. ರಜೆಯಲ್ಲಿ ಊರಿಗೆ ಹೋಗುವವರಿಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಸ್ಥಾಪನೆಗೊಂಡ ಆ ಸಂಸ್ಥೆ ಕನ್ನಡದಲ್ಲಿಯೇ ಉಚ್ಚಾರಣೆ ಮತ್ತು ಭಾಷಾ ಪರೀಕ್ಷೆಗಳನ್ನು ರೂಪಿಸಿದೆ. ಮನೆಮಾತು ಕನ್ನಡವಾದ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಹಿಂದುಳಿದಿದೆ ಎನ್ನುವುದು ನ್ಯಾಯವಲ್ಲವಾದ್ದರಿಂದ ಇದು ಮುಖ್ಯ. ಪರೀಕ್ಷೆಗೆ ವಯಸ್ಸಿನ ಅಡ್ಡಿಯಿಲ್ಲ. ಮಲಗಿರುವ ನವಜಾತ ಶಿಶುವಿಗೂ ಕೆಲವೇ ನಿಮಿಷಗಳಲ್ಲಿ ಓಎಇ ಪರೀಕ್ಷೆ ಮಾಡಬಹುದು. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿಕೊಂಡ ಕ್ರಮ. ಆದರೆ ಹುಟ್ಟಿದಾಗ ಸರಿಯಿದ್ದ ಕಿವಿ ನಾಲ್ಕು ವರ್ಷಕ್ಕೂ ಸರಿಯಿರುವುದೆಂದು ಹೇಳುವಂತಿಲ್ಲ. ಶಾಲೆ ಸೇರುವಾಗ ಮತ್ತೊಮ್ಮೆ ಪರೀಕ್ಷೆ ಬೇಕು.

ಬಾಲ್ಯದ ಶ್ರವಣದೋಷಗಳಲ್ಲಿ ಸುಮಾರು ಶೇ. 60ರಷ್ಟು ತಡೆಗಟ್ಟಬಹುದಾದ ಕಾರಣಗಳಿಂದ ಉಂಟಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ನಮ್ಮ ಮನೆಗಳಲ್ಲಿ ಇಂದಿಗೂ ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೀಳುತ್ತದೆ. ತಮಟೆಯಲ್ಲಿ ರಂಧ್ರವಿದ್ದರೆ ಅದು ಔಷಧವಲ್ಲ, ಅಪಾಯ. ಕಿವಿ ಸೋರುವುದು ಬೆಳೆಯುವ ಮಕ್ಕಳಿಗೆ ಸಹಜ ಎಂಬ ಮಾತನ್ನು ಹಿರಿಯರಿಂದ ಕೇಳಿದ್ದೇವೆ. ಹಿರಿಯರಲ್ಲಿ ಗೌರವವಿಟ್ಟೇ ಹೇಳುತ್ತೇವೆ, ಸಹಜವಲ್ಲ.

ಮರಳಿ ಬಾರದಷ್ಟು ಶ್ರವಣ ಕಳೆದುಕೊಂಡ ಮಕ್ಕಳ ವಿಷಯದಲ್ಲಿಯೂ ಮನೆಮಾತಿನ ಪ್ರಶ್ನೆ ಬದಲಾಗುವುದಿಲ್ಲ. ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಮಕ್ಕಳು ಸೂಕ್ತ ನೆರವಿದ್ದರೆ ಎರಡು ಭಾಷೆ ಕಲಿಯಬಲ್ಲರು. ಸಂಜ್ಞಾಭಾಷೆಯೇ ಆಸರೆಯಾದ ಮಕ್ಕಳ ಮನೆಯಲ್ಲಿ ತಂದೆತಾಯಿ, ಅಜ್ಜ ಅಜ್ಜಿಯರೆಲ್ಲ ಆ ಭಾಷೆಯನ್ನು ಕಲಿಯಬೇಕು. ಭಾರತೀಯ ಸಂಜ್ಞಾಭಾಷೆಗೆಂದೇ 2015ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಗಿದೆ.

ನಮ್ಮ ಕನ್ನಡ ಸಂಘಗಳು ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ದಶಕಗಳಿಂದ ನಡೆಸುತ್ತಿವೆ. ಅವುಗಳ ಸಾಲಿಗೆ ಕಿವಿಯನ್ನೂ ಸೇರಿಸಬಹುದು. ಆದರೆ ಸಭಾಗೃಹದಲ್ಲಿ ಧ್ವನಿವರ್ಧಕ ಹಚ್ಚಿ, ಹಾರ ತುರಾಯಿಗಳ ನಡುವೆ ಶ್ರವಣ ಪರೀಕ್ಷೆ ಮಾಡಲಾಗದು. ಅದಕ್ಕೆ ಬೇಕಾದುದು ಬಾಗಿಲು ಮುಚ್ಚಿದ ಸದ್ದಿಲ್ಲದ ಕೋಣೆ, ಅರ್ಹ ಆಡಿಯಾಲಜಿಸ್ಟ್, ಹಾಗೂ ತೊಂದರೆ ಕಂಡ ಮಗುವನ್ನು ಮುಂದೆ ಯಾವ ಆಸ್ಪತ್ರೆಗೆ, ಯಾವ ದಿನ ಕರೆದೊಯ್ಯಬೇಕೆಂದು ಬರೆದುಕೊಡುವ ಚೀಟಿ. ಉದ್ಘಾಟನೆಯನ್ನು ಬೇರೆ ದಿನ ಇಟ್ಟುಕೊಳ್ಳಬಹುದು. ಮುಂಬಯಿಯ ಶಾಲೆಗಳು ಜೂನ್‌ನಲ್ಲಿ ತೆರೆದೊಡನೆ ಮಳೆಗಾಲದ ನೆಗಡಿ ಆರಂಭವಾಗುತ್ತದೆ. ಆಗ ಪರೀಕ್ಷಿಸಿ ದೋಷ ಕಂಡ ಮಗುವನ್ನು ಮೂರು ತಿಂಗಳ ಬಳಿಕ, ನವರಾತ್ರಿಯ ಹೊತ್ತಿಗೆ, ಇನ್ನೊಮ್ಮೆ ಕರೆಸಲೇಬೇಕು. ಶಿಬಿರದ ದಿನಾಂಕ ಗೊತ್ತುಮಾಡುವಾಗಲೇ ಆ ಎರಡನೆಯ ದಿನಾಂಕವನ್ನೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಹಾಕಿಸುವಂತೆ ಸಂಘಗಳ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ.