ಮೌನವಾಗಿ ಕೂತರೆ ಬೋರ್ ಆಗುತ್ತಾ? ತೆರೇಸಾಗೂ ಆಗ್ತಿತ್ತು (ಭಾಗ 4)

ಏಳು ದಿನ ಧ್ಯಾನದ ಆ್ಯಪ್ ಹಾಕ್ಕೊಂಡು ಕೂರ್ತೀವಿ, ಎಂಟನೇ ದಿನ ಡಿಲೀಟ್. ಯಾಕೆ ಅಂದ್ರೆ "ಏನೂ ಫೀಲ್ ಆಗ್ಲಿಲ್ಲ ಮಗಾ."

ಆವಿಲಾದ ಸಂತ ತೆರೇಸಾ ಗೊತ್ತಾ? ಕೋಲ್ಕತ್ತದ ಮದರ್ ತೆರೇಸಾ ಅಲ್ಲ, ಇವರು ಸ್ಪೇನ್‌ನವರು. 1535ರಲ್ಲಿ, 20ನೇ ವಯಸ್ಸಿಗೆ, ಅಂದ್ರೆ ಈಗ ನಮ್ಮ ವಯಸ್ಸಿಗೆ, ಕಾರ್ಮೆಲ್ ಸಭೆಯ ಕನ್ಯಾಮಠ ಸೇರಿದ್ರು. ಮೌನ ಪ್ರಾರ್ಥನೆ ಬಗ್ಗೆ ತಿಳ್ಕೊಳ್ಳೋರು ಇವತ್ತಿಗೂ ಅವರನ್ನ ಓದ್ತಾರೆ. 1970ರಲ್ಲಿ 'ಡಾಕ್ಟರ್ ಆಫ್ ದ ಚರ್ಚ್' ಗೌರವ ಪಡೆದ ಮೊದಲ ಮಹಿಳೆ ಅವರೇ.

ಅಂಥವರೇ ಆತ್ಮಕಥೆಯಲ್ಲಿ ಒಪ್ಪಿಕೊಳ್ತಾರೆ: ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗ, ಈ ಒಂದು ಗಂಟೆ ಯಾವಾಗ ಮುಗಿಯುತ್ತೋ ಅಂತ ಕಾಯ್ತಿದ್ರಂತೆ. ಮನಸ್ಸೆಲ್ಲ ಬರಡು. ಆದ್ರೂ ಮರುದಿನ ಮತ್ತೆ ಕೂತರು.

ನನಗನ್ಸೋದು ಇಷ್ಟೇ. ಮೌನವನ್ನ ಸ್ಟ್ರೆಸ್‌ಗೆ ಮಾತ್ರೆ ಥರ ಮಾರ್ತಿರೋದೇ ತಪ್ಪು. ಮಾತ್ರೆ ಕೆಲಸ ಮಾಡದಿದ್ರೆ ಬಿಸಾಕ್ತೀವಿ. ತೆರೇಸಾಗೆ ಪ್ರಾರ್ಥನೆ ಅಂದ್ರೆ ದೇವರ ಜೊತೆಗಿನ ಗೆಳೆತನ. ಗೆಳೆತನಕ್ಕೆ ದಿನಾ ಲಾಭ–ನಷ್ಟದ ಲೆಕ್ಕ ಬರೆಯೋಕಾಗುತ್ತಾ?

ಹಾಗಾದ್ರೆ ಪ್ರಾರ್ಥನೆ ಫಲಿಸ್ತಿದೆ ಅಂತ ತಿಳಿಯೋದು ಹೇಗೆ? 1577ರಲ್ಲಿ ಬರೆದ ಪುಸ್ತಕದಲ್ಲಿ ತಮ್ಮ ಮಠದ ಸೋದರಿಯರಿಗೆ ಹೇಳ್ತಾರೆ: ಜೊತೆಯವಳಿಗೆ ಹುಷಾರಿಲ್ವಾ? ಪ್ರಾರ್ಥನೆಯ ಸುಖ ಬಿಟ್ಟು ಎದ್ದು ಹೋಗಿ, ಅವಳನ್ನ ನೋಡ್ಕೊಳ್ಳಿ. ದೇವರಿಗೆ ಬೇಕಾಗಿರೋದು ಅದೇ.

ಸೋ, ಕೂತಾಗ ಏನೂ ಅನ್ನಿಸದಿದ್ರೂ ಬಿಡಬೇಡಿ. ಎದ್ದ ಮೇಲೆ ಅಮ್ಮನ ಜೊತೆ, ರೂಮ್‌ಮೇಟ್ ಜೊತೆ ಹೇಗೆ ಮಾತಾಡ್ತೀರಿ ಅಂತ ಗಮನಿಸಿ. ರಿಸಲ್ಟ್ ಅಲ್ಲಿ ಕಾಣುತ್ತೆ.

ನೀವೇನಂತೀರಾ? ಕಾಮೆಂಟ್ ಮಾಡಿ.